ಕೈಸನ್ನೆಯಲ್ಲೇ ಕಂಪ್ಯೂಟರ್ ನಡೆಸುವ ಕಾಲ ಬರುತ್ತಾ, ಅಥವಾ ಈ ಸಲವೂ ಕೈಕೊಡುತ್ತಾ?

ಮಲೆನಾಡ_ಮೌಸ್

ಸ್ಕ್ರೀನ್ ಡಿಸೈನ್ ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ಆಗಾಗ ಯಾರಾದರೊಬ್ಬರು ‘ಟಚ್ ಕಾಲ ಮುಗಿಯಿತು, ಇನ್ನು ಮುಂದೆ ಎಲ್ಲ ಕೈಸನ್ನೆ’ ಅಂತ ಸ್ಲೈಡ್ ಹಾಕುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಆಮೇಲೆ ಎದ್ದು ಹೋಗಿ ಮೌಸ್ ಹಿಡಿಯುತ್ತಾರೆ.

ಇದುವರೆಗಿನ ಕಥೆ ನೋಡಿ. ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಕೈನೆಕ್ಟ್ ತಂದಿತು, ಟಿವಿ ಎದುರು ಕೈ-ಮೈ ಆಡಿಸಿ ಆಟ ಆಡಲು ಒಂದು ಕ್ಯಾಮೆರಾ ಡಬ್ಬಿ. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ. 2017ರಲ್ಲಿ ತಯಾರಿಕೆಯೇ ಬಂದ್. 2013ರಲ್ಲಿ ಲೀಪ್ ಮೋಷನ್ ಬಂತು, ಕೀಬೋರ್ಡ್ ಪಕ್ಕ ಇಟ್ಟರೆ ಬೆರಳು ನೋಡುತ್ತದೆ ಅಂದರು. ಅದೇ ವರ್ಷ ಸ್ಯಾಮ್ಸಂಗ್ ಎಸ್4 ಫೋನಿನಲ್ಲಿ ಏರ್ ಜೆಸ್ಚರ್, ಮುಟ್ಟದೆ ಮೇಲಿಂದ ಕೈ ಬೀಸಿದರೆ ಸಾಕು ಅಂತ. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಫೋನಿನೊಳಗೆ ಒಂದು ಪುಟ್ಟ ರಾಡಾರ್ ಇಟ್ಟಿತು, ಮರುವರ್ಷದ ಪಿಕ್ಸೆಲ್ 5ರಲ್ಲಿ ಅದು ನಾಪತ್ತೆ.

ಈಗ ಮತ್ತೆ ಶುರುವಾಗಿದೆ. 2024ರಲ್ಲಿ ತಲೆಗೆ ಕಟ್ಟಿಕೊಳ್ಳುವ ಆ್ಯಪಲ್ ವಿಷನ್ ಪ್ರೊ, 2025ರಲ್ಲಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಜೊತೆ ಮೆಟಾ ಕನ್ನಡಕ. ನನ್ನ ಪ್ರಶ್ನೆ ಇಷ್ಟೇ. ಇಷ್ಟು ಸಲ ಯಾಕೆ ಕೈಕೊಟ್ಟಿತು? ಈಗ ಏನಾದರೂ ಬದಲಾಗಿದೆಯಾ? ‘ಎಐ ಬಂದಿದೆಯಲ್ಲ’ ಅನ್ನುವ ಒಂದೇ ಸಾಲಿನ ಉತ್ತರ ಬೇಡ, ದಯವಿಟ್ಟು.

ಹಳೇ_ಹುಬ್ಬಳ್ಳಿ

ರಟ್ಟೆ ನೋಯ್ತದ್ರೀ. ಮುಗೀತು.

ಸುಮ್ನೆ ಹೇಳುತ್ತಿಲ್ಲ. ಎರಡೂ ಕೈ ಹೆಗಲ ಮಟ್ಟಕ್ಕೆ ಮುಂದೆ ಚಾಚಿ, ಈ ಪೋಸ್ಟ್ ಓದಿ ಮುಗಿಸುವ ತನಕ ಹಾಗೇ ಇರಿ. ಒಂದು ಕೈಯ ತೂಕ ಮೈತೂಕದಲ್ಲಿ ಸುಮಾರು ನೂರಕ್ಕೆ ಐದು ಭಾಗ. 60 ಕಿಲೋ ಇರುವವರಿಗೆ 3 ಕಿಲೋ. ಅಷ್ಟನ್ನೂ ಹೆಗಲೇ ಹೊರಬೇಕು. ಇದಕ್ಕೆ ‘ಗೊರಿಲ್ಲಾ ಆರ್ಮ್’ ಅಂತ ಹಳೇ ಹೆಸರೇ ಇದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ಅಳೆಯುವ ಲೆಕ್ಕವನ್ನೂ ಕೊಟ್ಟರು. ಮೊಣಕೈ ಮಡಿಸಿ, ಹೆಗಲಿಗೂ ಸೊಂಟಕ್ಕೂ ನಡುವೆ ಕೈ ಇಟ್ಟುಕೊಂಡರೆ ದಣಿವು ಕಡಿಮೆ. ಕೈ ಚಾಚಿದಷ್ಟೂ ಬೇಗ ಸೋಲುತ್ತದೆ.

ಸಿನಿಮಾದಲ್ಲಿ ಹೀರೋ ಗಾಳಿಯಲ್ಲಿ ಫೋಟೋ ಸರಿಸುತ್ತಾನೆ. ಅವನದು ಎರಡು ನಿಮಿಷದ ಸೀನ್. ನಮ್ಮದು 8 ಗಂಟೆ ಡ್ಯೂಟಿ.

ಕೈ ಇಳಿಸಿ ಇನ್ನು.

ಮಲೆನಾಡ_ಮೌಸ್

ಇಳಿಸಿದೆ ಸರ್. ಆದರೆ ವಿಷನ್ ಪ್ರೊದಲ್ಲಿ ಕೈ ಎತ್ತಬೇಕಾಗಿಲ್ಲ. ಕ್ಯಾಮೆರಾ ಕೆಳಗೂ ನೋಡುತ್ತದೆ, ಕೈ ತೊಡೆಯ ಮೇಲೇ ಇರಬಹುದು. ಕಣ್ಣು ಯಾವುದನ್ನು ನೋಡುತ್ತದೋ ಅದೇ ಆಯ್ಕೆ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿದರೆ ಕ್ಲಿಕ್. ಅದರಲ್ಲಿ ನೋವು ರಟ್ಟೆಗಲ್ಲ, ಜೇಬಿಗೆ. 3,499 ಡಾಲರ್.

ಇದೂ ತೀರಾ ಹೊಸತೇನಲ್ಲ. 1980ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬೋಲ್ಟ್ ಅನ್ನುವವರು ದೊಡ್ಡ ಪರದೆಯ ಎದುರು ಕೂತು, ಬೆರಳು ತೋರಿಸುತ್ತಾ ‘ಅದನ್ನು ಅಲ್ಲಿಡು’ ಅಂತ ಬಾಯಲ್ಲಿ ಹೇಳಿದರೆ ಕೆಲಸ ಆಗುವ ವ್ಯವಸ್ಥೆ ಮಾಡಿದ್ದರು. ಕೈಗೆ ಒಂದು ಜೊತೆ ಬೇಕು, ಮಾತೋ ಕಣ್ಣೋ. ಒಂಟಿ ಕೈ ನಡೆಯುವುದಿಲ್ಲ ಅಂತ ನನಗನ್ನಿಸುತ್ತದೆ.

ಇಪ್ಪತ್ತೊಂದು_ಬಿಂದು

ಕೈ ಗುರುತಿಸುವ ಮಾಡೆಲ್‌ಗಳ (ಚಿತ್ರ ನೋಡಿ ಕಲಿತ ಪ್ರೋಗ್ರಾಂಗಳ) ಜೊತೆ ದಿನವೂ ಏಗುವವನು ನಾನು. ಒಳಗಿನ ವಿಷಯ ಹೇಳುತ್ತೇನೆ.

ಗುರುತಿಸುವುದು ಈಗ ಅಷ್ಟು ಕಷ್ಟವಲ್ಲ. ಗೂಗಲ್ 2019ರಲ್ಲಿ ಮೀಡಿಯಾಪೈಪ್ ಅನ್ನುವ ತನ್ನ ಸಾಫ್ಟ್‌ವೇರ್‌ನ ಕೈ ಮಾಡೆಲ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಮಾಮೂಲಿ ಕ್ಯಾಮೆರಾ ಸಾಕು, ಫೋನಿನಲ್ಲೇ ಓಡುತ್ತದೆ. ಅದು ಮೊದಲು ಅಂಗೈ ಹುಡುಕುತ್ತದೆ. ಬೆರಳು ಹೇಗೆ ಬೇಕಾದರೂ ಮಡಚಬಹುದು, ಅಂಗೈ ಆಕಾರ ಅಷ್ಟು ಬದಲಾಗುವುದಿಲ್ಲ, ಅದಕ್ಕೇ. ಆಮೇಲೆ ಆ ಕೈಯ ಮೇಲೆ 21 ಬಿಂದು ಇಡುತ್ತದೆ. ಮಣಿಕಟ್ಟಿಗೆ ಒಂದು, ಪ್ರತಿ ಬೆರಳಿಗೆ ನಾಲ್ಕು. ಕೈನೆಕ್ಟ್ ಕಾಲದಲ್ಲಿ ಇದಕ್ಕೆ ಬೇರೆ ಡಬ್ಬಿಯೇ ಬೇಕಿತ್ತು. ಜೊತೆಗೆ ಟಿವಿ ಎದುರು 6 ಅಡಿಯಾದರೂ ಖಾಲಿ ಜಾಗ. ನಮ್ಮ ಬಾಡಿಗೆ ಮನೆ ಹಾಲ್‌ಗಳಲ್ಲಿ ಅಷ್ಟು ಜಾಗ ಬಿಡಬೇಕೆಂದರೆ ಸೋಫಾ ಹೊರಗಿಡಬೇಕು.

ಕಷ್ಟ ಇರುವುದು ಬೇರೆ ಕಡೆ. ಮೌಸ್ ಬಟನ್ ಒತ್ತಿದ್ದೀರೋ ಇಲ್ಲವೋ ಅನ್ನುವುದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಕೈ ಹಾಗಲ್ಲ. ಅದು ಸದಾ ಏನಾದರೂ ಮಾಡುತ್ತಿರುತ್ತದೆ. ತಲೆ ಕೆರೆಯುತ್ತದೆ, ಕಾಫಿ ಲೋಟ ಎತ್ತುತ್ತದೆ, ನೊಣ ಓಡಿಸುತ್ತದೆ. ಇದರಲ್ಲಿ ನನಗೆ ಹೇಳಿದ್ದು ಯಾವುದು, ಹೇಳದಿದ್ದದ್ದು ಯಾವುದು ಅಂತ ಯಂತ್ರಕ್ಕೆ ತಿಳಿಯಬೇಕು. ನಮ್ಮವರು ಇದನ್ನು ‘ಮಿಡಾಸ್ ಟಚ್’ ಅನ್ನುತ್ತಾರೆ, ಮುಟ್ಟಿದ್ದೆಲ್ಲ ಚಿನ್ನವಾಗಿ ಊಟಕ್ಕೂ ಗತಿಯಿಲ್ಲದಂತಾದ ಆ ರಾಜನ ನೆನಪಿಗೆ.

ಒಂದು ಸಣ್ಣ ಲೆಕ್ಕ ಹಾಕಿ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ತೆಗೆಯುತ್ತದೆ ಅಂದರೆ ಗಂಟೆಗೆ 1,08,000 ಫ್ರೇಮ್. ಮಾಡೆಲ್ ಪ್ರತಿ ಫ್ರೇಮಿನಲ್ಲೂ ನೂರಕ್ಕೆ 99.9ರಷ್ಟು ಸರಿ ಅಂದುಕೊಳ್ಳಿ. ಪೇಪರಿನಲ್ಲಿ ಬರೆದರೆ ಭರ್ಜರಿ ಅಂಕಿ. ಆದರೂ ಗಂಟೆಗೆ 108 ತಪ್ಪು! ಸತತ 10 ಫ್ರೇಮ್ ಒಂದೇ ಸನ್ನೆ ಕಂಡರೆ ಮಾತ್ರ ಒಪ್ಪಿಕೋ ಅಂತ ಕೋಡ್ ಬರೆದರೆ ತಪ್ಪು ಇಳಿಯುತ್ತದೆ. ಆದರೆ ಪ್ರತಿ ಕ್ಲಿಕ್ಕೂ ಮೂರನೇ ಒಂದು ಸೆಕೆಂಡ್ ತಡ. ಮೌಸ್ ಅಷ್ಟು ತಡ ಮಾಡಿದರೆ ನೀವು ಎತ್ತಿ ಬಿಸಾಡುತ್ತೀರಿ.

ಕುಡ್ಲದ_ಹವಾ

ಇದು ನಮ್ಮ ಮನೆಯಲ್ಲಿ ದಿನಾ ಆಗುತ್ತಿತ್ತು ಮಾರಾಯ್ರೆ. ಅಣ್ಣನ ಕಾರಿನಲ್ಲಿ (ಕಂಪನಿ ಹೆಸರು ಬೇಡ) ಗಾಳಿಯಲ್ಲಿ ಬೆರಳು ಸುತ್ತಿಸಿದರೆ ವಾಲ್ಯೂಮ್ ಏರುತ್ತದೆ. ಅತ್ತಿಗೆಗೆ ಕೈ ಆಡಿಸದೆ ಮಾತಾಡಲು ಬರುವುದಿಲ್ಲ. ಅವರು ಮಾತು ಶುರು ಮಾಡಿದರೆ ಹಾಡು ಜೋರಾಗುತ್ತದೆ. ಹಾಡು ಜೋರಾದರೆ ಅವರ ದನಿ ಜೋರಾಗುತ್ತದೆ, ದನಿ ಜೋರಾದರೆ ಕೈಯೂ ಜೋರು. ಕೊನೆಗೆ ಅಣ್ಣ ಗಾಡಿ ಸೈಡಿಗೆ ಹಾಕಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದ್ದು.

ಇಪ್ಪತ್ತೊಂದು_ಬಿಂದು

ನಾನು ಅಷ್ಟುದ್ದ ಬರೆದಿದ್ದನ್ನು ನಿಮ್ಮ ಅತ್ತಿಗೆ ಒಂದೇ ಟ್ರಿಪ್ಪಿನಲ್ಲಿ ತೋರಿಸಿಬಿಟ್ಟರು.

ಚಾಮುಂಡಿ_ಚಿಪ್

ಮೈಸೂರಿನವನಾಗಿ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2009ರ ನವೆಂಬರ್‌ನಲ್ಲಿ ಇಲ್ಲಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಟೆಡ್ ಇಂಡಿಯಾ ಭಾಷಣ ಸಮ್ಮೇಳನ ನಡೆಯಿತು. ಎಂಐಟಿಯಲ್ಲಿದ್ದ, ಗುಜರಾತಿನ ಪಾಲನಪುರದ ಪ್ರಣವ್ ಮಿಸ್ತ್ರಿ ಅಲ್ಲಿ ‘ಸಿಕ್ಸ್ತ್ ಸೆನ್ಸ್’ ತೋರಿಸಿದರು. ಕುತ್ತಿಗೆಗೆ ನೇತುಹಾಕಿದ ಕ್ಯಾಮೆರಾ, ಒಂದು ಚಿಕ್ಕ ಪ್ರೊಜೆಕ್ಟರ್, ಬೆರಳ ತುದಿಗೆ ಬಣ್ಣಬಣ್ಣದ ಟೊಪ್ಪಿ. ಮಣಿಕಟ್ಟಿನ ಮೇಲೆ ಬೆರಳಿಂದ ಸುತ್ತು ಬರೆದರೆ ಅಲ್ಲಿ ಗಡಿಯಾರ ಮೂಡುತ್ತದೆ. ಎರಡೂ ಕೈಯ ಬೆರಳಿಂದ ಚೌಕಟ್ಟು ಮಾಡಿದರೆ ಫೋಟೋ. ಇಡೀ ಸಾಮಾನಿಗೆ ಸುಮಾರು 350 ಡಾಲರ್. ಓಪನ್ ಸೋರ್ಸ್ ಮಾಡುತ್ತೇನೆ ಅಂದಾಗ ಚಪ್ಪಾಳೆಯೋ ಚಪ್ಪಾಳೆ. ಆಗ ಕಾಲೇಜಿನಲ್ಲಿದ್ದ ನಮ್ಮ ಬ್ಯಾಚಿಗೆಲ್ಲ ಆ ವಿಡಿಯೋ ಹುಚ್ಚು ಹಿಡಿಸಿತ್ತು.

ಆ ಬಣ್ಣದ ಟೊಪ್ಪಿ ಬೇಕಾಗಿದ್ದು ಆಗಿನ ಕ್ಯಾಮೆರಾಗೆ ಬೆರಳನ್ನು ಬೆರಳು ಅಂತ ಗೊತ್ತುಮಾಡಿಕೊಳ್ಳಲು. ಈಗ ಟೊಪ್ಪಿ ಬೇಕಿಲ್ಲ, 21 ಬಿಂದು ಪುಕ್ಕಟೆ. ಆದರೂ ರಸ್ತೆಯಲ್ಲಿ ಯಾರೂ ಬೆರಳಿಂದ ಚೌಕಟ್ಟು ಮಾಡಿ ಫೋಟೋ ತೆಗೆಯುತ್ತಿಲ್ಲ. ತಂತ್ರಜ್ಞಾನ ಸಾಲದೇ ನಿಂತದ್ದಲ್ಲ ಅಂತ ಅದರಲ್ಲೇ ಗೊತ್ತಾಗುತ್ತದೆ. ಫೋನ್ ಎತ್ತಿ ಒಂದು ಬಟನ್ ಒತ್ತುವುದು ಅದಕ್ಕಿಂತ ಸಲೀಸು. ಅಷ್ಟೇ.

ತರಂಗ_60

ಪಿಕ್ಸೆಲ್ 4ರ ಮಾತು ಬಂತಲ್ಲ. ಆ ಫೋನ್ ಭಾರತಕ್ಕೆ ಬರಲೇ ಇಲ್ಲ, ನೆನಪಿದೆಯಾ? ಅದಕ್ಕೆ ಕಾರಣ ಈ ರಾಡಾರೇ.

ಗೂಗಲ್ 2015ರಲ್ಲಿ ‘ಸೋಲಿ’ ಅಂತ ಒಂದು ಪ್ರಾಜೆಕ್ಟ್ ತೋರಿಸಿತು. ಕ್ಯಾಮೆರಾ ಬದಲು ರೇಡಿಯೋ ಅಲೆ ಬಿಟ್ಟು, ಕೈಗೆ ತಾಗಿ ವಾಪಸ್ ಬಂದದ್ದನ್ನು ಓದುವ ಚಿಪ್. ಕತ್ತಲಲ್ಲೂ ನಡೆಯುತ್ತದೆ. ಅದು ಕೆಲಸ ಮಾಡುವುದು 60 ಗಿಗಾಹರ್ಟ್ಸ್‌ನಲ್ಲಿ. ಅಮೆರಿಕದಲ್ಲೂ ವಿಶೇಷ ಅನುಮತಿ ಪಡೆಯಬೇಕಾಯಿತು, 2018ರ ಕೊನೆಗೆ ಸಿಕ್ಕಿತು. ನಮ್ಮಲ್ಲಿ ಆ ಬ್ಯಾಂಡ್ ಆಗ ಸಾಮಾನ್ಯ ಬಳಕೆಗೆ ಮುಕ್ತವಾಗಿರಲಿಲ್ಲ. ಹಾಡು ಬದಲಿಸಲು ಕೈ ಬೀಸುವ ಒಂದು ಸೌಲಭ್ಯಕ್ಕಾಗಿ ಇಡೀ ಫೋನೇ ಈ ದೇಶ ತಪ್ಪಿಸಿಕೊಂಡಿತು.

ನನಗೆ ಕುತೂಹಲ ಇರುವುದು ಮುಂದಿನ ಕಥೆಯಲ್ಲಿ. 2021ರಲ್ಲಿ ಅದೇ ಸೋಲಿ ತಂತ್ರ ಗೂಗಲ್‌ನ ನೆಸ್ಟ್ ಹಬ್ ಅನ್ನುವ ಪುಟ್ಟ ಮನೆ ಪರದೆಗೆ ಬಂತು. ಈಗ ಅದರ ಮುಖ್ಯ ಕೆಲಸ ಏನು ಗೊತ್ತಾ? ಮಂಚದ ಪಕ್ಕ ಕೂತು ನೀವು ಹೇಗೆ ಮಲಗಿದ್ದೀರಿ, ಹೇಗೆ ಉಸಿರಾಡುತ್ತಿದ್ದೀರಿ ಅಂತ ನೋಡುವುದು. ಕೈನೆಕ್ಟ್ ಕಡೆ ಬನ್ನಿ. ಅದರ ಮೊದಲ ಆವೃತ್ತಿಗೆ ತಂತ್ರ ಕೊಟ್ಟದ್ದು ಇಸ್ರೇಲಿನ ಪ್ರೈಮ್‌ಸೆನ್ಸ್. 2013ರಲ್ಲಿ ಆ್ಯಪಲ್ ಆ ಕಂಪನಿಯನ್ನೇ ಕೊಂಡಿತು. 2017ರ ಐಫೋನ್ ಟೆನ್ ನಿಮ್ಮ ಮುಖದ ಮೇಲೆ 30,000ಕ್ಕೂ ಜಾಸ್ತಿ ಕಾಣದ ಚುಕ್ಕಿ ಚೆಲ್ಲಿ ಲಾಕ್ ತೆಗೆಯತೊಡಗಿತು.

ಅಂದರೆ ಸನ್ನೆ ಹೋಯಿತು, ಸೆನ್ಸರ್ ಉಳಿಯಿತು. ನಾವು ಹೇಳಿದ್ದನ್ನು ಕೇಳಲು ಅಂತ ಮನೆಗೆ ಬಂದದ್ದು ಈಗ ನಮ್ಮನ್ನೇ ನೋಡುತ್ತಾ ಕೂತಿದೆ. ಭವಿಷ್ಯ ಏನು ಅಂತ ಕೇಳಿದಿರಲ್ಲ ಮೌಸ್ ಅವರೇ, ನನ್ನ ಲೆಕ್ಕದಲ್ಲಿ ಇದೇ. ನೀವು ಸನ್ನೆ ಮಾಡದಿದ್ದಾಗಲೂ ಓದಿಕೊಳ್ಳುವ ಯಂತ್ರ.

ಹಳೇ_ಹುಬ್ಬಳ್ಳಿ

ಗೊರಕೆಗೂ ಗ್ರಾಫ್ ಹಾಕಿ ಕೊಡ್ತದಂತ. ಮನೆಯವರು ಹೇಳುವುದು ಸಾಲದಾಗಿತ್ತು ನೋಡ್ರಿ.

ಕೈಮಾತು_ಕಾವೇರಿ

ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಭಾರತೀಯ ಸನ್ನೆ ಭಾಷೆ ದಿನಬಳಕೆಯ ಮಾತು. ಹಾಗಾಗಿ ಈ ವಿಷಯ ಬಂದಾಗ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೈ ಗುರುತಿಸುವ ತಂತ್ರ ಬಂದಾಗಲೆಲ್ಲ ‘ಇನ್ನು ಕಿವುಡರಿಗೆ ಅನುಕೂಲ’ ಅಂತ ಒಂದು ಸುದ್ದಿ ಬರುತ್ತದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಗ್ಲೌಸ್‌ಗೆ ದೊಡ್ಡ ಬಹುಮಾನ ಬಂತು. ಕೈಗೆ ಹಾಕಿಕೊಂಡರೆ ಸನ್ನೆಯನ್ನು ಮಾತಾಗಿ ಹೇಳುತ್ತದೆ ಅಂದರು. ಆ ಭಾಷೆ ಬಲ್ಲವರೇ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಕಾರಣ ಸರಳ. ಸನ್ನೆ ಭಾಷೆ ಬರೀ ಕೈಯಲ್ಲಿಲ್ಲ. ‘ಊಟ ಆಯ್ತು’ ಮತ್ತು ‘ಊಟ ಆಯ್ತಾ?’ ಎರಡಕ್ಕೂ ನನ್ನ ತಮ್ಮನ ಕೈ ಒಂದೇ ರೀತಿ ಆಡುತ್ತದೆ. ವ್ಯತ್ಯಾಸ ಇರುವುದು ಹುಬ್ಬಿನಲ್ಲಿ. ಹುಬ್ಬು ಏರಿದರೆ ಪ್ರಶ್ನೆ. ನಿಮ್ಮ 21 ಬಿಂದುವಿನಲ್ಲಿ ಹುಬ್ಬು ಎಲ್ಲಿದೆ ಸರ್?

ಇನ್ನೊಂದು. ಅಮೆರಿಕದವರು ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮಲ್ಲಿ ಎರಡೂ ಕೈ ಬೇಕು. ಅಲ್ಲಿಯ ಡೇಟಾದಲ್ಲಿ ಕಲಿತ ಆ್ಯಪ್ ತಂದು ನನ್ನ ತಮ್ಮನ ಮುಂದೆ ಹಿಡಿದರೆ ಅವನು ನಗುತ್ತಾನೆ. ನಮ್ಮ ಭಾಷೆಗೆ ಅಂತ 2020ರಲ್ಲಿ ‘ಇನ್‌ಕ್ಲೂಡ್’ ಡೇಟಾಸೆಟ್ ಬಂತು. 4,287 ವಿಡಿಯೋ, 263 ಪದ. ಒಳ್ಳೆಯ ಕೆಲಸ, ನಿಜ. ಆದರೆ ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರದ ನಿಘಂಟಿನಲ್ಲೇ 2021ರ ಹೊತ್ತಿಗೆ 10,000 ಪದ ಇದ್ದವು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಿವಿಯ ತೊಂದರೆ ಇರುವವರು ಸುಮಾರು 50 ಲಕ್ಷ. ಅವರಲ್ಲಿ ಯಾರನ್ನೂ ಕೇಳದೆ ಮಾಡಿದ ಗ್ಲೌಸ್ ಕಿವಿ ಕೇಳುವವರ ಅನುಕೂಲಕ್ಕೇ ಹೊರತು ಅವರಿಗಲ್ಲ.

ಇಪ್ಪತ್ತೊಂದು_ಬಿಂದು

ಒಪ್ಪುವ ಮಾತು ಮೇಡಂ. ಹುಬ್ಬಿಗೆ ಬೇರೆ ಮಾಡೆಲ್ ಇದೆ, ಮುಖದ ಮೇಲೆ 468 ಬಿಂದು ಇಡುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಬಹುದು. ಆದರೆ ಬಿಂದು ಇಡುವುದು ಬೇರೆ, ವಾಕ್ಯ ಅರ್ಥವಾಗುವುದು ಬೇರೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದೇ ಇನ್ನೂ ತಲೆನೋವು.

ಬೋಸ್ಟನ್_ಬಸವ

ಮುಖ, ತಲೆಯ ಮಾತು ಬಂದದ್ದಕ್ಕೆ. 2024ರ ಐಒಎಸ್ 18ರಿಂದ ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ 2 ಇಯರ್‌ಫೋನ್ ಹಾಕಿಕೊಂಡು ತಲೆಯಾಡಿಸಿಯೇ ಸಿರಿಗೆ (ಐಫೋನಿನ ಮಾತಾಡುವ ಸಹಾಯಕಿಗೆ) ಉತ್ತರ ಕೊಡಬಹುದು. ಮೇಲೆ ಕೆಳಗೆ ಆಡಿಸಿದರೆ ಹೌದು, ಅಡ್ಡಡ್ಡ ಆಡಿಸಿದರೆ ಬೇಡ. ಸರಿ, ನಮ್ಮ ‘ಹೂಂ ಹೂಂ ಆಯ್ತು’ ತಲೆ ಯಾವ ಕಡೆ? ಅದು ಮೇಲೂ ಅಲ್ಲ ಅಡ್ಡವೂ ಅಲ್ಲ, ಭುಜದಿಂದ ಭುಜಕ್ಕೆ ವಾಲುತ್ತದೆ. ಇಲ್ಲಿ ಆಫೀಸಿನವರಿಗೇ ಅದು ಒಪ್ಪಿಗೆಯೋ ನಿರಾಕರಣೆಯೋ ಅಂತ ತಿಳಿಯಲು ಬಹಳ ಕಾಲ ಹಿಡಿಯಿತು. ಈಗ ಅಮ್ಮ ಫೋನ್ ಮಾಡಿದಾಗ ನಾನು ಇಂಗ್ಲಿಷ್ ತಲೆ ಆಡಿಸುತ್ತೇನೆ.

ಕುಡ್ಲದ_ಹವಾ

ಇಂಗ್ಲಿಷ್ ತಲೆ! 😂

ನರ_ನಾಡಿ

ಬಯೋಮೆಡಿಕಲ್ ಓದಿದವಳು. ಎಲ್ಲರೂ ಕ್ಯಾಮೆರಾ, ರಾಡಾರ್ ಅನ್ನುತ್ತಿದ್ದೀರಿ. ನಿಜವಾದ ಬದಲಾವಣೆ ಮಣಿಕಟ್ಟಿನಲ್ಲಿ ಆಗುತ್ತಿದೆ.

ಒಂದು ಕೆಲಸ ಮಾಡಿ. ಬಲಗೈಯ ಮುಂಗೈಯನ್ನು ಮೊಣಕೈ ಹತ್ತಿರ ಎಡಗೈಯಿಂದ ಗಟ್ಟಿಯಾಗಿ ಹಿಡಿಯಿರಿ. ಈಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಆಡಿಸಿ. ಎಡಗೈ ಅಡಿಯಲ್ಲಿ ಮಾಂಸ ಹರಿದಾಡುವುದು ಗೊತ್ತಾಗುತ್ತದೆ ಅಲ್ವಾ? ಬೆರಳು ಮಡಚುವ ಮುಖ್ಯ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅವಕ್ಕೆ ನರದಿಂದ ಸಣ್ಣ ವಿದ್ಯುತ್ ಸಂಕೇತ ಬರುತ್ತದೆ. ಅದನ್ನು ಚರ್ಮದ ಮೇಲಿಂದಲೇ ಓದುವುದು ಇಎಂಜಿ. ಆಸ್ಪತ್ರೆಗಳಲ್ಲಿ ಹಳೆಯ ವಿದ್ಯೆ.

ಕೆನಡಾದ ಥಾಲ್ಮಿಕ್ ಲ್ಯಾಬ್ಸ್ ‘ಮೈಯೋ’ ಅಂತ ಇಂಥ ಪಟ್ಟಿ ಮಾರುತ್ತಿತ್ತು. 2018ರಲ್ಲಿ ನಿಲ್ಲಿಸಿತು. ಅದರ ಪೇಟೆಂಟ್‌ಗಳನ್ನು ಕಂಟ್ರೋಲ್-ಲ್ಯಾಬ್ಸ್ ಕೊಂಡಿತು. 2019ರಲ್ಲಿ ಆ ಕಂಪನಿಯನ್ನೇ ಫೇಸ್‌ಬುಕ್ (ಈಗಿನ ಮೆಟಾ) ಕೊಂಡಿತು. ಮೆಟಾ ಈಗ 799 ಡಾಲರ್ ಕನ್ನಡಕದ ಜೊತೆ ಕೊಡುತ್ತಿರುವ ಪಟ್ಟಿಯ ವಂಶಾವಳಿ ಇದು. 2025ರ ಜುಲೈನಲ್ಲಿ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ವಿವರ ಕೊಟ್ಟಿತು. ಸಾವಿರಾರು ಜನರ ಸಂಕೇತಗಳಿಂದ ಕಲಿಸಿದ್ದರಿಂದ, ಹೊಸಬರು ಕಟ್ಟಿಕೊಂಡರೆ ಮೊದಲು ತರಬೇತಿ ಕೊಡದೆಯೇ ನಡೆಯುತ್ತದೆ ಅನ್ನುವುದು ಅದರ ದೊಡ್ಡ ವಿಷಯ. ಹಳೆಯ ಪಟ್ಟಿಗಳಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಮೇಜಿನ ಮೇಲೆ ಬೆರಳಿಂದ ಬರೆದಂತೆ ಮಾಡಿದರೆ ನಿಮಿಷಕ್ಕೆ 20.9 ಪದ ಮೂಡುತ್ತದೆ. ಫೋನಿನಲ್ಲಿ ಟೈಪ್ ಮಾಡುವವರ ಸರಾಸರಿ ಸುಮಾರು 36. ಕೀಬೋರ್ಡಿಗೆ ಇನ್ನೂ ಭಯವಿಲ್ಲ, ಆದರೆ ಕೈ ಜೇಬಿನಲ್ಲಿದ್ದರೂ ನಡೆಯುವ ವಿದ್ಯೆ ಇದು.

ಗಾಳಿಯಲ್ಲಿ ಕೈ ಬೀಸುವುದಕ್ಕಿಂತ ಇದು ಯಾಕೆ ಉಳಿಯಬಹುದು ಅನ್ನುವುದಕ್ಕೆ ನನ್ನ ಕಾರಣ ಬೇರೆ. ಅಜ್ಜಿ ಬೆರಳ ಗೆರೆ ಎಣಿಸುವುದನ್ನು ನೋಡಿದ್ದೀರಲ್ಲ. ಹೆಬ್ಬೆರಳು ನಾಲ್ಕು ಬೆರಳಿನ ಮೂರು ಮೂರು ಗೆಣ್ಣಿನ ಮೇಲೆ ಓಡುತ್ತದೆ. ಒಂದು ಕೈಯಲ್ಲಿ 12 ಜಾಗ. ಕಣ್ಣು ಮುಚ್ಚಿದ್ದರೂ ತಪ್ಪುವುದಿಲ್ಲ. ಬೆರಳಿಗೆ ಬೆರಳು ತಾಗಿದ್ದು ಗೊತ್ತಾಗುತ್ತದೆ, ಅದಕ್ಕೇ. ಮೆಟಾ ಹೆಡ್‌ಸೆಟ್‌ಗಳು ಈಗ ಓದುವುದೂ ಇಂಥದ್ದನ್ನೇ, ತೋರುಬೆರಳ ಪಕ್ಕದಲ್ಲಿ ಹೆಬ್ಬೆರಳು ಸರಿಸುವುದು. ರಟ್ಟೆ ನೋಯುವುದಿಲ್ಲ ಹುಬ್ಬಳ್ಳಿ ಸರ್. ಬಸ್ಸಿನಲ್ಲಿ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ತರಂಗ_60

ಚೆನ್ನಾಗಿದೆ ಅಕ್ಕ. ಆದರೆ ಆ ಸಂಕೇತದಲ್ಲಿ ಕೈ ನಡುಕವೂ ಕಾಣುತ್ತದೆ ಅಲ್ವಾ? ಅಂದರೆ ಕಾಯಿಲೆಯ ಸುಳಿವೂ ಸಿಗಬಹುದು. ನಮ್ಮ 2023ರ ಡೇಟಾ ಕಾಯ್ದೆಯಲ್ಲಿ ಆರೋಗ್ಯದ ಮಾಹಿತಿಗೆ ಅಂತ ಬೇರೆ ವರ್ಗವೇ ಇಲ್ಲ. ನಿದ್ದೆ ಆಯಿತು, ಇನ್ನು ನರ.

ನರ_ನಾಡಿ

ಕಾಣುತ್ತದೆ. ಆ ಭಯ ಸುಳ್ಳಲ್ಲ. ಕಚ್ಚಾ ಸಂಕೇತ ಪಟ್ಟಿಯಿಂದ ಹೊರಗೆ ಹೋಗದೆ, ‘ಕ್ಲಿಕ್ ಆಯಿತು’ ಅನ್ನುವ ಫಲಿತಾಂಶ ಮಾತ್ರ ಹೋಗಬೇಕು ಅಂತ ನಿಯಮ ಬೇಕು. ನಿಯಮ ಬರುವ ತನಕ ಕಂಪನಿಯ ಮಾತೇ ಗತಿ.

ಇನ್ನೊಂದು ಕಡೆಯೂ ನೋಡಿ. ಆ್ಯಪಲ್ ವಾಚಿನಲ್ಲಿ ಬೆರಳು ತಾಗಿಸಿ, ಮುಷ್ಟಿ ಬಿಗಿದು ನಡೆಸುವ ಸೌಲಭ್ಯ 2021ರಲ್ಲಿ ಬಂತು. ಒಂದೇ ಕೈ ಇರುವವರಿಗೆ, ಇನ್ನೊಂದು ಕೈಯಿಂದ ವಾಚ್ ಮುಟ್ಟಲಾಗದವರಿಗೆ ಅಂತ. 2023ರಲ್ಲಿ ಅದೇ ಬಗೆಯ ‘ಡಬಲ್ ಟ್ಯಾಪ್’ ಎಲ್ಲರಿಗೂ ಬಂತು. ನಿಜವಾಗಿ ಬೇಕಾದವರಿಗೆ ಮೊದಲು ಮಾಡಿದ್ದು ಉಳಿಯುತ್ತದೆ. ಕಾವೇರಿಯವರು ಹೇಳಿದ ಗ್ಲೌಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಬೋಸ್ಟನ್_ಬಸವ

ಬೆರಳಿಂದ ಬರೆಯುವುದು ಅಂದಿರಲ್ಲ. ನಮ್ಮ ಒತ್ತಕ್ಷರಕ್ಕೆ ಏನು ಗತಿ? ‘ರಾಷ್ಟ್ರ’ ಬರೆಯಲು ಬೆರಳು ಕೆಳಗಿಳಿದು ಮತ್ತೆ ಮೇಲೆ ಬರಬೇಕು. ಪಟ್ಟಿಗೆ ಮೇಜು ಕಾಣುವುದಿಲ್ಲ, ಸ್ನಾಯು ಮಾತ್ರ ಗೊತ್ತು.

ನರ_ನಾಡಿ

ಕನ್ನಡಿಗರ ಮಣಿಕಟ್ಟಿನ ಡೇಟಾ ಯಾರಾದರೂ ಕೂಡಿಸಿದರೆ ಕಲಿಯುತ್ತದೆ. ಫೋನಿನ ಪರದೆಯ ಮೇಲೆ ಬೆರಳಲ್ಲಿ ಕನ್ನಡ ಬರೆದರೆ ಈಗಾಗಲೇ ಗುರುತಿಸುತ್ತದಲ್ಲ. ಆದರೆ ಅಲ್ಲಿ ಗೆರೆ ಕಣ್ಣಿಗೆ ಕಾಣುತ್ತದೆ.

ಓಟಿ_ಸಿಸ್ಟರ್

ಎಲ್ಲರೂ ಉದಾಹರಣೆ ಕೊಡುವುದು ನಮ್ಮ ಆಪರೇಷನ್ ಥಿಯೇಟರನ್ನೇ, ಅದಕ್ಕೆ ಬರೆಯುತ್ತಿದ್ದೇನೆ. ಡಾಕ್ಟರ್ ಸ್ಕ್ರಬ್ ಆದ (ಕೈ ತೊಳೆದು ಗ್ಲೌಸ್ ಹಾಕಿದ) ಮೇಲೆ ಮೌಸ್ ಮುಟ್ಟುವ ಹಾಗಿಲ್ಲ. ನಡುವೆ ಸ್ಕ್ಯಾನ್ ನೋಡಬೇಕಾಗುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 2012ರ ಸುಮಾರಿಗೆ ಕೈನೆಕ್ಟ್ ಇಟ್ಟು ಇದನ್ನು ಪ್ರಯತ್ನಿಸಿದ್ದರು. ಕೇಳಲು ಚೆಂದ. ಆದರೆ ಟೇಬಲ್ ಸುತ್ತ ನಾಲ್ಕೈದು ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತೇವೆ. ಕೈ ಬೀಸಲು ಜಾಗ ಎಲ್ಲಿ? ಸ್ಟೆರೈಲ್ ಕೈಯನ್ನು ಎದೆಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ ಒಯ್ಯುವಂತೆಯೂ ಇಲ್ಲ.

ನಮ್ಮಲ್ಲಿ ಡಾಕ್ಟರ್ ಪರದೆ ಕಡೆ ಕಣ್ಣು ಹಾಯಿಸಿ ‘ಹ್ಞೂಂ’ ಅಂದರೆ ನಾನು ಮುಂದಿನ ಚಿತ್ರ ಹಾಕುತ್ತೇನೆ. ‘ಹ್ಞೂಂ’ ಸ್ವಲ್ಪ ಗಟ್ಟಿಯಾದರೆ ಹಿಂದಿನದ್ದು. ಇದನ್ನು ಕಲಿಯುವ ಯಂತ್ರ ಬಂದರೆ ಹೇಳಿ, ಅವತ್ತು ರಜೆ ಹಾಕುತ್ತೇನೆ.

ಮಲೆನಾಡ_ಮೌಸ್

ಸಿಸ್ಟರ್, ನೋಟ ಮತ್ತು ದನಿ ಎರಡೂ ಸೇರಿದರೇ ನಿಮಗೆ ಗೊತ್ತಾಗುವುದು ಅಂದಹಾಗಾಯಿತು. ಮೇಲೆ ಒಂಟಿ ಕೈ ನಡೆಯುವುದಿಲ್ಲ ಅಂದದ್ದು ಇದನ್ನೇ. ನನ್ನ ಮುಂದಿನ ಡಿಸೈನಿನಲ್ಲಿ ದೊಡ್ಡ ಕೈಬೀಸಾಟ ಇರುವುದಿಲ್ಲ, ಅಷ್ಟಂತೂ ಖಾತ್ರಿ.

ಫೈನಲ್_ಇಯರ್_ಫಜೀತಿ

ನಮಸ್ತೆ. ಎಲ್ಲ ಓದಿದೆ. ನಮ್ಮ ಟೀಮಿನ ಪ್ರಾಜೆಕ್ಟ್ ‘ಕೈಸನ್ನೆಯಿಂದ ಮೌಸ್’. ಗೈಡ್ ಒಪ್ಪಿದ್ದಾರೆ, ಇನ್ನು ಬದಲಿಸಲು ಆಗುವುದಿಲ್ಲ. ಏನಾದರೂ ಮರ್ಯಾದೆ ಉಳಿಯುವಂತೆ ಮಾಡಬಹುದಾ?

ಇಪ್ಪತ್ತೊಂದು_ಬಿಂದು

ಮಾಡಬಹುದು. ಪ್ರತಿ ವರ್ಷ ಎಷ್ಟೋ ಟೀಮ್ ಇದನ್ನೇ ಮಾಡುತ್ತವೆ. ಎಲ್ಲರೂ ಸನ್ನೆ ಮಾಡಿದಾಗ ಎಷ್ಟು ಸಲ ಸರಿ ಬಂತು ಅಂತ ಬರೆಯುತ್ತಾರೆ. ನೀವು ತಿರುಗಿಸಿ. ಸನ್ನೆ ಮಾಡದೇ ಇದ್ದಾಗ ಎಷ್ಟು ಸಲ ಸುಮ್ಮನೆ ಕ್ಲಿಕ್ ಆಯಿತು ಅಂತ ಎಣಿಸಿ. ಕ್ಯಾಮೆರಾ ಆನ್ ಮಾಡಿ, ಅಡುಗೆಮನೆಯಲ್ಲಿ ಯಾರಾದರೂ ಮಾತಾಡುತ್ತಾ ಒಂದು ಗಂಟೆ ಕೆಲಸ ಮಾಡುವುದನ್ನು ನೋಡಲಿ. ಆ ಗಂಟೆಯಲ್ಲಿ ಬಂದ ಸುಳ್ಳು ಕ್ಲಿಕ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಆ ಕ್ಷಣದ ಫೋಟೋ. ಅದೇ ನಿಮ್ಮ ರಿಪೋರ್ಟಿನ ಮುಖ್ಯ ಅಧ್ಯಾಯ. ವೈವಾದಲ್ಲಿ ಯಾರೂ ಅಲ್ಲಾಡಿಸಲಾರರು.

ಫೈನಲ್_ಇಯರ್_ಫಜೀತಿ

ಚಪಾತಿ ಹಿಟ್ಟು ಕಲಸುವಾಗ ಬೆರಳು ಹಿಟ್ಟಿನೊಳಗೆ ಇರುತ್ತದಲ್ಲ ಸರ್, ಆಗ 21 ಬಿಂದು ಎಲ್ಲಿ ಇಡುತ್ತದೆ?

ಇಪ್ಪತ್ತೊಂದು_ಬಿಂದು

ಕಾಣದ ಬೆರಳನ್ನೂ ಅಂದಾಜಿನಲ್ಲಿ ಇಟ್ಟುಬಿಡುತ್ತದೆ, ಧೈರ್ಯವಾಗಿ. ಅಲ್ಲೇ ಸುಳ್ಳು ಕ್ಲಿಕ್ ಜಾಸ್ತಿ ಬರುವುದು. ಹಿಟ್ಟಿನಿಂದಲೇ ಶುರು ಮಾಡಿ.

ಕುಡ್ಲದ_ಹವಾ

ಮಾತು ಜಾಸ್ತಿ ಬೇಕಿದ್ದರೆ ನಮ್ಮ ಅತ್ತಿಗೆಯನ್ನು ಕಳಿಸುತ್ತೇನೆ.